ಒಳ್ಳೆಯ ಸೊಸೆಯ ಕಾಯಿಲೆ

ಅರವತ್ತರ ದಶಕದಲ್ಲಿ ವನಗೂರಿನ ಆಸುಪಾಸಿನಲ್ಲಿ ನನ್ನಷ್ಟು ಒಳ್ಳೆಯ ಸೊಸೆ ಇನ್ನೊಬ್ಬಳಿರಲಿಲ್ಲ. ಎದುರು ಮಾತಿಲ್ಲ, ನಗುವಿಲ್ಲ, ತವರಿನ ಹಂಬಲವೂ ಇಲ್ಲ. "ಹಸು ಕಣ್ರೀ ನಮ್ ಸೊಸೆ" ಎಂದು ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ನನ್ನ ಗಂಡ, ಅವ್ವನೇ ಹೊಗಳಿದ ಮೇಲೆ ಇನ್ನೇನು ಎಂದು ನೆಮ್ಮದಿಯಾಗಿದ್ದರು. ನಾನು ಬೇಸಿಗೆಯಲ್ಲೂ ಕಂಬಳಿ ಹೊದ್ದು, ಊದಿದ ಮುಖ ಹೊತ್ತು ಒಲೆಯ ಮುಂದೆ ಕೂತಿರುತ್ತಿದ್ದೆ. ಮಲಗುವಾಗ, ಬೆಳಿಗ್ಗೆ ಏಳದೇ ಹೋದರೆ ಎಷ್ಟು ಚೆನ್ನ ಎಂದುಕೊಳ್ಳುತ್ತಿದ್ದೆ. ಹಸುವಿನ ಮನಸ್ಸನ್ನು ಯಾರೂ ಕೇಳುವುದಿಲ್ಲ.

ಮಗ್ಗೆಯಿಂದ ನನ್ನವ್ವ ನೋಡಲು ಬಂದಳು. ನನ್ನ ಒಡಕು ದನಿಯ "ಹ್ಞೂಂ" ಕೇಳಿದ್ದೇ ಅತ್ತೆಯ ಕಡೆ ತಿರುಗಿದಳು.

"ಬೀಗರೇ, ನಾನು ಕೊಟ್ಟಿದ್ದು ಬಾಯಿಬಡುಕಿನ. ಇವಳಿಗೇನೋ ಆಗ್ಬುಟ್ಟೈತೆ."

"ನಾವು ತಿದ್ದಿದೀವಿ" ಎಂದರು ಅತ್ತೆ, ಹೆಮ್ಮೆಯಿಂದ.

ಅವ್ವ ನನ್ನನ್ನು ಎಸ್ಟೇಟಿನ ಜೀಪು ಹತ್ತಿಸಿ ಹಾಸನದ ಡಾಕ್ಟರ ಬಳಿ ಕರೆದೊಯ್ದಳು. ಅವರು ಕುತ್ತಿಗೆ ಮುಟ್ಟಿ, ಒಣಗಿದ ಚರ್ಮ ನೋಡಿ, ಹಿಮ್ಮಡಿಯ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಾಲು ಕೂಡ ಯೋಚನೆ ಮಾಡಿ ಅಲುಗಿತು.

"ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಗ್ರಂಥಿ ಇದೆ. ಅದರ ರಸ ಕಡಿಮೆಯಾದರೆ ಮೈಯಷ್ಟೇ ಅಲ್ಲ, ಮಿದುಳೂ ಮಂಕಾಗುತ್ತೆ. ಈ ದುಃಖ ನಿಮ್ಮ ಸ್ವಭಾವ ಅಲ್ಲಮ್ಮ, ಕಾಯಿಲೆ" ಎಂದರು. ಎಷ್ಟೋ ಕಾಲದಿಂದ ಬಾರದ ಅಳು ಆಗ ಬಂತು. ಔಷಧಿ ಕುರಿಯ ಗ್ರಂಥಿ ಒಣಗಿಸಿ ಮಾಡಿದ್ದಂತೆ. ನಿಮ್ಮಲ್ಲಿ ನಡೆಯುತ್ತಾ ಎಂದು ಕೇಳಿದರು. ಅವ್ವ ಕೊರಳ ಲಿಂಗ ಮುಟ್ಟಿಕೊಂಡು "ನಡೀತೈತೆ" ಎಂದಳು.

ಅತ್ತೆಗೆ ನಡೆಯಲಿಲ್ಲ. ಮಾತ್ರೆಯ ಸೀಸೆಯನ್ನು ಒಯ್ದು ಕೊಟ್ಟಿಗೆಯ ಗೂಡಿನಲ್ಲಿಟ್ಟರು. ದಿನಾ ಬೆಳಿಗ್ಗೆ ಹಸುಗಳ ಎದುರು ನಿಂತು ಕುರಿ ನುಂಗಿದೆ. ಬರಬರುತ್ತ ಕಂಬಳಿ ಬೇಡವಾಯಿತು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದ ಅತ್ತೆಗೆ, "ಹಂಗಾದ್ರೆ ನಾಳೆಯಿಂದ ನೀವೇ ಮಾಡಿ" ಎಂದುಬಿಟ್ಟೆ. ನನ್ನ ದನಿ ನನಗೇ ಇಂಪಾಗಿ ಕೇಳಿತು.

"ಕುರಿ ತಿಂದು ಹುಲಿ ಆಗ್ಬುಟ್ಲು" ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಅಲ್ಲಿಂದ ದಿನಾ ಜಗಳ, ಜಗಳ ಮುಗಿದ ಮೇಲೆ ಇಬ್ಬರಿಗೂ ಕಾಫಿ. ಅಷ್ಟು ಕಾಲ ಒಬ್ಬರೇ ಮಾತಾಡಿ ಅವರಿಗೂ ಸಾಕಾಗಿತ್ತೇನೋ.

ಮಳೆಗಾಲದಲ್ಲಿ ರಸ್ತೆ ಕುಸಿದು, ಹಾಸನದಿಂದ ಮಾತ್ರೆ ತರುತ್ತಿದ್ದ ಜೀಪು ನಿಂತಿತು. ಸೀಸೆ ಬರಿದಾಗಿ, ನಾನು ಮತ್ತೆ ಕಂಬಳಿ ಹುಡುಕಿದೆ. ಸಾರಿಗೆ ಹುಳಿಯಿಲ್ಲ ಎಂದರು ಅತ್ತೆ. ಸುಮ್ಮನಿದ್ದೆ. ಇನ್ನೂ ಜೋರಾಗಿ ಅಂದರು. "ಹ್ಞೂಂ" ಎಂದೆ.

ಅತ್ತೆ ತಟ್ಟೆ ಬಿಟ್ಟು ಎದ್ದು ನನ್ನ ಗಂಡನ ಕೈಗೆ ಕೊಡೆ ಕೊಟ್ಟರು.

"ನಡ್ಕೊಂಡಾದ್ರೂ ಹೋಗಿ ಆ ಕುರಿ ಮಾತ್ರೆ ತಗಂಬಾರೋ. ಇವಳು ಮತ್ತೆ ಒಳ್ಳೇವಳಾಗ್ಬುಡ್ತಾವ್ಳೆ."