ಎಣಿಸದೆ ಬಿಟ್ಟ ಮೊದಲ ಸಾಲು

ಮೌಸ್ ಹಿಡಿದು ಕೆಲಸ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ತಾತ್ಸಾರ. ಬಣ್ಣಬಣ್ಣದ ಗ್ರಾಫು, ಗಿರಗಿರ ತಿರುಗುವ ಮುಳ್ಳು, ಇವೆಲ್ಲ ಮಕ್ಕಳ ಆಟದ ಸಾಮಾನು ಎಂಬುದು ನನ್ನ ಅಭಿಪ್ರಾಯ. ಕಪ್ಪು ಪರದೆಯ ಮೇಲೆ ಕಮಾಂಡ್ ಬರೆದು ಎಂಟರ್ ಒತ್ತಬೇಕು, ಅಂಕಿಗಳು ಸಾಲಾಗಿ ಇಳಿಯಬೇಕು, ಅದನ್ನು ನೋಡಿಯೇ ಯಂತ್ರದ ನಾಡಿ ಹೇಳಬೇಕು. ಈ ಜಂಬ ನನ್ನನ್ನು ಒಮ್ಮೆ ಚೆನ್ನಾಗಿ ಮಂಗ ಮಾಡಿತು. ಈಗ ನೆನೆದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ.

ಯಲಹಂಕದ ಆಚೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ. ಲ್ಯಾಬಿನ ಮೂಲೆಯ ಗಾಜಿನ ಕೋಣೆಯಲ್ಲಿ ಒಂದೇ ಒಂದು ಸರ್ವರ್, ಅದರೊಳಗೆ ಮೂವತ್ತು ವರ್ಚುವಲ್ ಮೆಷಿನ್‌ಗಳು. ಗೊತ್ತಿಲ್ಲದವರಿಗೆ ನಾನು ಹೇಳುವುದು ಇಷ್ಟು: ಅದೊಂದು ವಠಾರ. ಮೂವತ್ತು ಮನೆ, ಬೋರ್‌ವೆಲ್ ಒಂದೇ. ಪ್ರತಿ ವಿದ್ಯಾರ್ಥಿಗೂ ಇದು ತನ್ನದೇ ಸ್ವಂತ ಕಂಪ್ಯೂಟರು ಎಂಬ ಭಾವನೆ. ಒಬ್ಬ ನಲ್ಲಿಯನ್ನು ಜೋರಾಗಿ ತಿರುಗಿಸಿದರೆ ಉಳಿದವರ ನಲ್ಲಿ ಸಣ್ಣಗಾಗುತ್ತದೆ.

ಆ ಸರ್ವರನ್ನು ಬಿಡಿಭಾಗ ತಂದು ಕೈಯಾರೆ ಜೋಡಿಸಿದವರು ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಆರ್.ಟಿ. ನಗರದಿಂದ ದಿನವೂ ಸ್ಕೂಟರಿನಲ್ಲಿ ಬರುತ್ತಿದ್ದರು. ಕಾಲೇಜಿಗೆ ಕಾಲೇಜೇ ಅವರನ್ನು ಭಾಯ್ ಎನ್ನುತ್ತಿತ್ತು. ಶುಕ್ರವಾರ ನಮಾಜಿಗೆ ಹೊರಡುವ ಮೊದಲು ಸರ್ವರಿನ ಧೂಳು ಒರೆಸದೆ ಅವರು ಹೋದದ್ದಿಲ್ಲ. ವಿದ್ಯಾರ್ಥಿಗಳು ಆ ಸರ್ವರಿಗೆ 'ತಾತ' ಎಂದು ಹೆಸರಿಟ್ಟಿದ್ದರು. ಆ ಸೆಮಿಸ್ಟರ್ ಮುಗಿದರೆ ಭಾಯ್ ನಿವೃತ್ತಿ.

ಆ ಸೆಮಿಸ್ಟರಿನಲ್ಲೇ ತಾತ ಸುಸ್ತಾಗತೊಡಗಿತು. "ಮೇಡಂ, ತಾತ ನಿದ್ದೆ ಹೊಡೀತಿದೆ," ಎಂದು ದಿನಕ್ಕೊಂದು ದೂರು. ಶುರುವಿನಲ್ಲಿ ಸರಿಯಿದ್ದದ್ದು ವಾರದಿಂದ ವಾರಕ್ಕೆ ನಿಧಾನವಾಗುತ್ತ ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಅಳೆದು ವರದಿ ಕೊಡಿ. ಆಗಲ್ಲ ಅನ್ನೋದಾದ್ರೆ ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಗುಜರಿಗೆ ಹಾಕೋಣ," ಎಂದರು.

ಭಾಯ್ ಈ ಸುದ್ದಿ ಕೇಳಿ ಜಗಳವನ್ನೇನೂ ಆಡಲಿಲ್ಲ. "ನಾನ್ ಹೋಗೋ ದಿನ ಅದು ಓಡ್ತಾ ಇದ್ರೆ ಸಾಕು ಮೇಡಂ. ಆಮೇಲೆ ನಿಮ್ಮಿಷ್ಟ," ಎಂದರು ಅಷ್ಟೆ. ಇಷ್ಟು ವರ್ಷದಲ್ಲಿ ಅವರು ನನ್ನ ಬಳಿ ಏನನ್ನಾದರೂ ಕೇಳಿದ್ದು ಅದೊಂದೇ.

ವಿದ್ಯಾರ್ಥಿಗಳು ಕೆಲಸ ಮಾಡುವ ಹೊತ್ತಿನಲ್ಲೇ ನಾನು ಅಳೆಯಲು ಕುಳಿತೆ. ನಾನು ಬಳಸುವ ಕಮಾಂಡ್ ಸೆಕೆಂಡಿಗೊಂದು ಸಾಲು ಬರೆಯುತ್ತ ಹೋಗುತ್ತದೆ. ಯಂತ್ರ ಎಷ್ಟು ಹೊತ್ತು ಸುಮ್ಮನಿತ್ತು, ತನ್ನ ಸರದಿಗಾಗಿ ಎಷ್ಟು ಹೊತ್ತು ಕಾಯಿತು ಎಂಬುದು ಆ ಸಾಲಿನಲ್ಲಿರುತ್ತದೆ. ಆದರೆ ಮೊದಲ ಸಾಲು ಮಾತ್ರ ಈ ಕ್ಷಣದ್ದಲ್ಲ. ಯಂತ್ರ ಶುರುವಾದ ದಿನದಿಂದ ಇಲ್ಲಿಯವರೆಗಿನ ಸರಾಸರಿ. ಅದನ್ನು ಬಿಟ್ಟು ಓದುವುದು ನಮ್ಮ ಕಸುಬಿನವರೆಲ್ಲರ ರೂಢಿ. ನಾನು ಅದಕ್ಕೆ 'ಲಾಭ' ಎನ್ನುತ್ತಿದ್ದೆ. ಅಟ್ಟೂರಿನ ನಮ್ಮ ಮನೆಯಲ್ಲಿ ಅಮ್ಮ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುತ್ತಿದ್ದಳು. ಅದು ದೇವರಿಗೆ ಬಿಟ್ಟದ್ದು, ಲೆಕ್ಕಕ್ಕಿಲ್ಲ ಎಂದು ಚಿಕ್ಕಂದಿನಲ್ಲೇ ತಿಳಿದುಕೊಂಡಿದ್ದೆ. ಹಾಗಾಗಿ ಪರದೆಯ ಮೊದಲ ಸಾಲನ್ನು ಬೆರಳಿನಿಂದ ಮುಚ್ಚಿ, "ಲಾಭ" ಎಂದು, ಮುಂದಿನದರಿಂದ "ಒಂದು, ಎರಡು" ಎಂದು ಓದುತ್ತಿದ್ದೆ. ಭಾಯ್ ಹಿಂದೆ ನಿಂತು ನೋಡುತ್ತಿದ್ದರು. ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು.

ಮೂವತ್ತು ಮೆಷಿನ್‌ಗಳಲ್ಲೂ ಅದೇ ಕಥೆ, ಸರದಿಗೆ ಕಾಯುವುದೇ ಕೆಲಸ. ಶುಕ್ರವಾರ ವರದಿ ಕೊಟ್ಟೆ: ಯಂತ್ರಕ್ಕೆ ವಯಸ್ಸಾಗಿದೆ, ತೆಗೆಯುವುದು ಒಳ್ಳೆಯದು. ಭಾಯ್‌ಗೆ ನಾನೇ ಹೋಗಿ ಹೇಳಿದೆ. ಅವರು ಎಂದಿನಂತೆ ಧೂಳು ಒರೆಸುತ್ತಿದ್ದರು. "ಅಂಕಿ ಸುಳ್ಳು ಹೇಳಲ್ಲ ಬಿಡಿ ಮೇಡಂ," ಎಂದು ಮತ್ತೆ ಒರೆಸತೊಡಗಿದರು. ಗುಜರಿಗೆ ಹೋಗುವ ಯಂತ್ರದ ಸಂದಿಗೊಂದಿಯನ್ನೂ ಬಿಡದೆ ಅಷ್ಟು ಮುತುವರ್ಜಿಯಿಂದ ಒರೆಸುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಭಾನುವಾರ ಅಟ್ಟೂರಿಗೆ ಹೋದೆ. ನಮ್ಮ ಹೊಲವೆಲ್ಲ ಲೇಔಟಾಗಿ ಎಷ್ಟೋ ವರ್ಷವಾಯಿತು, ಅಮ್ಮನ ಸೇರು ಮಾತ್ರ ಹಾಗೇ ಇದೆ. ಮಿಲ್ಲಿಗೆ ಕಳಿಸಲು ಅಂಗಡಿಯಿಂದ ತರಿಸಿದ ರಾಗಿಯನ್ನು ಡಬ್ಬಕ್ಕೆ ಅಳೆಯುತ್ತಿದ್ದಳು. "ಲಾಭ... ಎರಡು... ಮೂರು..."

"ಒಂದು ಎಲ್ಲಿ ಹೋಯ್ತಮ್ಮಾ?" ಎಂದೆ.

ಅಳೆಯುವಾಗ ಮಾತಾಡಿಸಿದ್ದಕ್ಕೆ ಅವಳಿಗೆ ಲೆಕ್ಕ ತಪ್ಪಿತು. ಡಬ್ಬವನ್ನು ಮತ್ತೆ ಚೀಲಕ್ಕೆ ಸುರಿದು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. "ಲಾಭ ಅಂದ್ನಲ್ಲ, ಅದೇ ಒಂದು. ಅದ್ನ ಬಿಟ್ಬುಟ್ರೆ ಲೆಕ್ಕ ಎಂಗೆ ಸರಿ ಓಯ್ತದೆ? ಎಲ್ಲಾದಕಿಂತ ಮುಂಚೆ ಎಣಿಸೋದೇ ಅದ್ನ. ಇಷ್ಟ್ ಓದಿ ಇದೂ ಗೊತ್ತಿಲ್ವಾ ನಿಂಗೆ?"

ನಲವತ್ತು ದಾಟಿದ ಮೇಲೆ ಬೈಸಿಕೊಂಡು ಕಲಿತ ಪಾಠ. ಎರಡನೆಯ ಸಲ ಅಳೆದು ಮುಗಿಸುವವರೆಗೂ ಬಾಯಿ ಬಿಡದೆ ಕುಳಿತೆ. ತಲೆಯಲ್ಲಿ ಮಾತ್ರ ಪರದೆಯ ಮೊದಲ ಸಾಲು ಕೊರೆಯುತ್ತಿತ್ತು. ಬೆರಳಿನಿಂದ ಮುಚ್ಚಿದ ಆ ಸಾಲನ್ನು ನಾನು ಒಂದು ಸಲವೂ ಓದಿರಲಿಲ್ಲ.

ಸೋಮವಾರ ವಿದ್ಯಾರ್ಥಿಗಳು ಬರುವ ಮೊದಲೇ ಲ್ಯಾಬ್ ತೆಗೆದು ಕಮಾಂಡ್ ಕೊಟ್ಟೆ. ಬೆರಳು ಅಡ್ಡ ಇಡಲಿಲ್ಲ. ಸರ್ವರು ಸೆಮಿಸ್ಟರ್ ಶುರುವಿನಿಂದ ಹಗಲೂ ರಾತ್ರಿ ಚಾಲೂ ಇರುವುದು. ಲ್ಯಾಬ್ ತೆರೆಯುವುದು ಹಗಲು ಮಾತ್ರ, ಭಾನುವಾರ ಬೀಗ. ಹಾಗಾದರೆ ಸರಾಸರಿಯಲ್ಲಿ ಯಂತ್ರ ಬಹುಪಾಲು ಸುಮ್ಮನಿದ್ದಿರಬೇಕು. ಆದರೆ ಮೊದಲ ಸಾಲು ಬೇರೆಯೇ ಹೇಳುತ್ತಿತ್ತು: ಯಂತ್ರಕ್ಕೆ ಬಿಡುವು ಸಿಕ್ಕಿದ್ದು ತೀರ ಕಡಿಮೆ. ಬೀಗ ಹಾಕಿದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವರು ಯಾರು?

ಯಾವನೋ ಪುಣ್ಯಾತ್ಮ ಕದ್ದು ಏನೋ ಓಡಿಸುತ್ತಿದ್ದಾನೆ, ಇವತ್ತು ಅವನ ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡು, ಯಾವ ಪ್ರೋಗ್ರಾಮ್ ಎಷ್ಟು ತಿನ್ನುತ್ತಿದೆ ಎಂದು ತೋರಿಸುವ ಕಮಾಂಡ್ ಕೊಟ್ಟೆ. ಪಟ್ಟಿಯ ಮೇಲ್ತುದಿಯಲ್ಲಿ 'ಕಾವಲು' ಎಂಬ ಹೆಸರು. ಆ ಹೆಸರು ಇಟ್ಟವಳು ನಾನೇ.

ಸೆಮಿಸ್ಟರಿನ ಶುರುವಿನಲ್ಲಿ ಮೆಷಿನ್‌ಗಳ ಆರೋಗ್ಯ ನೋಡಿಕೊಳ್ಳಲೆಂದು ಬರೆದ ಪ್ರೋಗ್ರಾಮ್ ಅದು. ಪ್ರತಿ ಸೆಕೆಂಡಿನ ಸ್ಥಿತಿಯನ್ನು ಒಂದು ಕಡತದಲ್ಲಿ ನೂರಾರು ಸಾಲಾಗಿ ಬರೆಯುವುದು. ನಿಮಿಷಕ್ಕೊಮ್ಮೆ ಇಡೀ ಕಡತವನ್ನು ಮೊದಲಿನಿಂದ ಓದಿ, ಅತಿ ಕೆಟ್ಟ ಗಳಿಗೆ ಯಾವುದು ಎಂದು ಹುಡುಕುವುದು. ಕಡತ ಚಿಕ್ಕದಿದ್ದಾಗ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ತಿಂಗಳುಗಳು ಕಳೆದು ಕಡತ ಊದಿಕೊಂಡ ಮೇಲೆ ಒಂದು ಓದು ಮುಗಿಯುವುದರೊಳಗೆ ಇನ್ನೊಂದು ಶುರು. ಸಾಲದ್ದಕ್ಕೆ, ಮೂವತ್ತೂ ಮೆಷಿನ್‌ಗಳನ್ನು ನಕಲು ಮಾಡುವ ಮೂಲ ಪ್ರತಿಯಲ್ಲೇ ಅದನ್ನು ಇಟ್ಟು ಮರೆತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಒಂದಲ್ಲ, ಮೂವತ್ತು ಬೇಲಿ.

ಭಾಯ್ ಬಂದಾಗ ಎಲ್ಲ ಹೇಳಿದೆ. ಹೇಳುತ್ತಲೇ ಮೂವತ್ತು ಕಡೆಯೂ ಕಾವಲನ್ನು ನಿಲ್ಲಿಸಿದೆ. ಆಮೇಲೆ ಅಳೆಯುವಾಗ ಅವರು ಪರದೆಗೆ ಬೆನ್ನು ಮಾಡಿ ನಿಂತರು. "ಓದಿ ಹೇಳಿ ಮೇಡಂ, ನಂಗೆ ನೋಡೋಕಾಗಲ್ಲ."

"ಕಾಯೋದು ಸೊನ್ನೆ," ಎಂದೆ. "ಸೊನ್ನೆ. ಸೊನ್ನೆ. ಭಾಯ್, ತಿರುಗಿ ನೋಡ್ರೀ, ಎಲ್ಲಾ ಸೊನ್ನೆ!"

ಅವರು ತಿರುಗಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ ವರದಿ ವಾಪಸ್ ಕೊಡಿ ಎಂದೆ. "ಹಾಗಾದ್ರೆ ತಪ್ಪು ಯಾರದ್ದು?" ಎಂದು ಕೇಳಿದರು. "ನಂದು ಸರ್. ಯಂತ್ರದ್ದೇನೂ ಇಲ್ಲ," ಎಂದೆ. ಕಿವಿ ಬಿಸಿಯಾಯಿತು, ಆದರೆ ಮನಸ್ಸು ಹಗುರವಾಯಿತು.

ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ನನಗೊಂದು ಅನುಮಾನ ಬಂತು. "ಭಾಯ್, ನಿಜ ಹೇಳಿ. ಆ ಮೊದಲ ಸಾಲು ನಿಮಗೆ ಕಂಡಿತ್ತಾ?"

"ನೀವು ಬೆರಳು ಇಡೋಕೆ ಮುಂಚೆ ಕಾಣ್ತಾನೇ ಇತ್ತು ಮೇಡಂ."

"ಹೇಳ್ಬಾರ್ದಿತ್ತೇನ್ರೀ?"

"ನನ್ ಮೆಷಿನ್ ಅಲ್ವಾ? ನಾನ್ ಹೇಳಿದ್ರೆ ಅದು ವಕಾಲತ್ತು ಆಗ್ತಿತ್ತು, ಅಳತೆ ಆಗ್ತಿರ್ಲಿಲ್ಲ."

ನನಗೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು. ಅವತ್ತಿನ ಎರಡನೆಯ ಚಹಾ ನಾನೇ ತಂದುಕೊಟ್ಟೆ.

ಪರೀಕ್ಷೆಗಳು ಸಲೀಸಾಗಿ ಮುಗಿದವು. ಭಾಯ್ ನಿವೃತ್ತರಾದ ದಿನ ಶಾಲು, ಹಾರ, ಭಾಷಣ ಎಲ್ಲ ಆದ ಮೇಲೆ ಅವರು ಹಾರದ ಸಮೇತ ಲ್ಯಾಬಿಗೆ ಬಂದರು. ಗಾಜಿನ ಕೋಣೆಯಲ್ಲಿ ತಾತ ಗುಂಯ್‌ಗುಡುತ್ತಿತ್ತು. "ಒಂದ್ಸಲ ಅಳೀರಿ ಮೇಡಂ," ಎಂದರು. ಈ ಸಲ ಪರದೆಗೆ ಮುಖ ಮಾಡಿ ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತರು.

ಮೊದಲ ಸಾಲು ಇಳಿಯಿತು. ನಾನು ಅದರ ಕೆಳಗೆ ಬೆರಳಿಟ್ಟು, ಪೂರ್ತಿ ಓದಿ, "ಲಾಭ" ಎಂದೆ.

"ಎರಡು," ಎಂದರು ಭಾಯ್.

ಹತ್ತರವರೆಗೂ ಇಬ್ಬರೂ ಸೇರಿ ಎಣಿಸಿದೆವು.