ಮೆಣಸ್ಕಾಯಿಗೆ ಬಿದ್ದ ಮೀನು

೨೦೦೯ರ ಜನವರಿ, ಶನಿವಾರ, ಬೆಳಿಗ್ಗೆ ಆರೂವರೆ. ಸ್ಥಳ, ತಿರುವನಂತಪುರದಲ್ಲಿ ನನ್ನ ತಮ್ಮನ ಮನೆ. ಹಾಜರಿದ್ದವರು ನಾನು ಮತ್ತು ತಮ್ಮನ ಮಗ. ತಮ್ಮ ವಾಕಿಂಗಿಗೆ ಹೋಗಿದ್ದ.

ಸ್ನಾನ ಆಗಿತ್ತು, ಚೀಲ ಬಾಗಿಲ ಬಳಿ ಇತ್ತು. ಇಲ್ಲಿನ ತಂಪಾನೂರಿನ ಒಂದು ಲಾಡ್ಜಿನ ಕರಪತ್ರದ ಕೆಲಸಕ್ಕೆಂದು ಗುರುವಾರ ಬಂದವಳು ಈಗ ಕೊಚ್ಚಿಯ ರೈಲು ಹಿಡಿಯುವ ಮೊದಲು ಕಾಫಿ ಕುಡಿಯುತ್ತಿದ್ದೆ. ತಮ್ಮನ ಮಗ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವವನು. ಇಲ್ಲೇ ಹುಟ್ಟಿ ಬೆಳೆದವನಾದ್ದರಿಂದ ನಾವು ಕನ್ನಡದಲ್ಲಿ ಕೇಳಿದರೆ ಅವನ ಉತ್ತರ ಮಲಯಾಳದಲ್ಲಿ. ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ.

"ಅತ್ತೆ, ಇದು ನಮ್ಮ ಅಜ್ಜಿಯ ಮೆಣಸ್ಕಾಯಿ ಅಲ್ಲವಾ?"

ಅದು ಫೋರ್ಟ್ ಕೊಚ್ಚಿಯ ಒಂದು ಹೋಂಸ್ಟೇಯ ಪುಟ. ಅದನ್ನು ನೋಡಿಕೊಳ್ಳುವುದು ನನ್ನದೇ ಪುಟ್ಟ ಜಾಹೀರಾತು ಏಜೆನ್ಸಿ. ಸರ್ಕಾರಿ ಕಚೇರಿಯಿಂದ ನಿವೃತ್ತಳಾದ ಮೇಲೆ ಕೊಚ್ಚಿಯ ವೈಟ್ಟಿಲದಲ್ಲಿ ಒಂದು ಕೋಣೆ ಹಿಡಿದು ಶುರುಮಾಡಿದ್ದು. ನಾನು, ನನ್ನ ತಂಗಿಯ ಮಗಳು, ಎರಡು ಕಂಪ್ಯೂಟರು. ಬಂದ ಗ್ರಾಹಕರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ: ನಿಮ್ಮ ಮಾತು ನಿಮ್ಮದೇ ಆಗಿರಲಿ, ನಾವು ಬಣ್ಣ ಬಳಿಯುವುದಿಲ್ಲ.

ಪುಟದಲ್ಲಿ ಹೋಂಸ್ಟೇ ನಡೆಸುವ, ನಾವೆಲ್ಲ 'ಚೇಚಿ', ಅಂದರೆ ಅಕ್ಕ, ಎಂದೇ ಕರೆಯುವ ಹೆಂಗಸಿನ ಫೋಟೋ, ಕೆಳಗೆ 'ನನ್ನ ಅಮ್ಮಚ್ಚಿ ಕಲಿಸಿದ ಮೀನಿನ ಸಾರು' ಎಂಬ ತಲೆಬರಹ. ಓದಿದೆ. ಉದ್ದಿನಬೇಳೆ, ಕೊತ್ತಂಬರಿ, ಒಣಮೆಣಸು ಹುರಿಯಿರಿ. ಎಳ್ಳನ್ನು ಕೊನೆಗೆ ಹಾಕಿ, ಚಟಪಟ ಎಂದ ಕೂಡಲೇ ಇಳಿಸಿ. ತೆಂಗಿನಕಾಯಿಯ ಜೊತೆ ಅರೆಯಿರಿ. ಹುಣಸೆ ರಸ, ದೊಡ್ಡ ತುಂಡು ಬೆಲ್ಲ. ಸಾಸಿವೆ, ಇಂಗಿನ ಒಗ್ಗರಣೆ. ಹಾಗಲಕಾಯಿ ಬೀಳಬೇಕಾದ ಜಾಗದಲ್ಲಿ ನೆಯ್‌ಮೀನಿನ ತುಂಡುಗಳು.

ಕಾಫಿ ಲೋಟವನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ಓದಿದೆ. ನಮ್ಮಮ್ಮ ಕಾಸರಗೋಡಿನ ಮನೆಯಲ್ಲಿ ಮೀನು ಮಾರುವವರ ಕೂಗು ಕೇಳಿದರೆ ಕಿಟಕಿ ಹಾಕಿಕೊಳ್ಳುತ್ತಿದ್ದವರು. 'ಚಟಪಟ ಎಂದ ಕೂಡಲೇ ಇಳಿಸಿ' ಎಂಬುದು ಅವರದೇ ಮಾತು. ಆ ಮಾತಿನ ಪಕ್ಕದಲ್ಲೇ ಮೀನು!

ಕೆಳಗೆ ಕಮೆಂಟುಗಳ ಸಾಲು. ಕೊಚ್ಚಿಯವರು ಬಿಡುತ್ತಾರೆಯೇ? ಮೀನಿನ ಸಾರಿಗೆ ಬೆಲ್ಲವಾ? ಇಂಗಾ? ಚೇಚಿಗೆ ಜ್ವರವಾ? ಒಬ್ಬಳು ಬರೆದಿದ್ದಳು: 'ಮೀನಿಗೆ ಜನಿವಾರ ಹಾಕಿದ್ದೀರಲ್ಲ ಚೇಚೀ!'

ತಂಗಿಯ ಮಗಳಿಗೆ ಫೋನ್ ಮಾಡಿದೆ.

"ಎಂತ ಬರೆದದ್ದು ನೀನು?"

"ಎಂತ ಮಾಡುದು ದೊಡ್ಡಮ್ಮ? ಶುಕ್ರವಾರ ಹತ್ತು ಗಂಟೆಗೆ ಪೋಸ್ಟ್ ಹೋಗಲೇಬೇಕು ಅಂತ ಹೇಳಿದ್ದು ನೀವೇ ಅಲ್ವಾ? ಚೇಚಿಯನ್ನು ಕೇಳಿದ್ರೆ ಸಾರು ಫೋನಲ್ಲಿ ಹೇಳ್ಲಿಕ್ಕೆ ಬರುದಿಲ್ಲ, ಮನೆಗೆ ಬಾ ಅಂದ್ರು. ಪುರುಸೊತ್ತು ಇರ್ಲಿಲ್ಲ. ಮಸಾಲೆ ಎಲ್ಲ ಕಡೆ ಒಂದೇ ಅಲ್ವಾ ಅಂದ್ಕೊಂಡೆ."

"ಮೀನಿನ ಮಸಾಲೆ ಹೇಗಿರ್ತದೆ ಅಂತ ನಿನಗೆ ಗೊತ್ತುಂಟಾ?"

"ನಿಮಗೆ ಗೊತ್ತುಂಟಾ?"

ನಾನು ಕಮೆಂಟುಗಳನ್ನು ಒಂದೊಂದಾಗಿ ಅವಳಿಗೆ ಓದಿ ಹೇಳಿದೆ.

"ಈಗಲೇ ಅಳಿಸಿ ಬಿಡ್ತೇನೆ," ಎಂದಳು.

"ಮುಟ್ಟಬೇಡ. ನಾನು ಬರುವವರೆಗೆ ಹಾಗೇ ಇರಲಿ. ಮಧ್ಯಾಹ್ನ ಚೇಚಿಯ ಮನೆಗೆ ಬಾ."

ಕಚೇರಿಯಲ್ಲಿ ನಾನು ಕಲಿತದ್ದು ಅದು. ತಪ್ಪು ಆದೇಶ ಹೊರಬಿದ್ದರೆ ಅದನ್ನು ಹರಿದು ಹಾಕುವಂತಿಲ್ಲ. ಓದಿದವರು ಓದಿಯಾಗಿದೆ. ಅದೇ ಬಾಗಿಲಿನಿಂದ ತಿದ್ದೋಲೆಯನ್ನೂ ಕಳಿಸಬೇಕು, ತಪ್ಪು ಯಾರದೆಂದು ಅದರಲ್ಲಿ ಇರಬೇಕು. ರೈಲಿನಲ್ಲಿ ಕೂತು ಅದರ ಕರಡನ್ನು ಮನಸ್ಸಿನಲ್ಲೇ ಸಿದ್ಧಪಡಿಸಿದೆ. ಅದು ಗಂಭೀರವಾಗಿತ್ತು, ಚಿಕ್ಕದಾಗಿತ್ತು. 'ಕಣ್ತಪ್ಪಿನಿಂದ' ಎಂಬ ಪದವೂ ಇತ್ತು.

ಎರ್ನಾಕುಳಂ ಜೆಟ್ಟಿಯಿಂದ ಬೋಟು ಹಿಡಿದು ಫೋರ್ಟ್ ಕೊಚ್ಚಿಗೆ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ತಂಗಿಯ ಮಗಳು ಗೇಟಿನ ಹೊರಗೇ ನಿಂತಿದ್ದಳು. ಒಳಗೆ ಹೋಗುವ ಧೈರ್ಯ ಇಲ್ಲ.

ಚೇಚಿ ವಿಧವೆ, ನನಗಿಂತ ನಾಲ್ಕೈದು ವರ್ಷ ಹಿರಿಯರು. ಗಂಡ ಹೋದ ಮೇಲೆ ಮನೆಯ ಮೂರು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟು ಬದುಕು ಕಟ್ಟಿಕೊಂಡವರು. ಆ ಬೀದಿಯಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. ಇವರಲ್ಲಿಗೇ ಜನ ಬರುವುದು ಊಟಕ್ಕಾಗಿ. ಅವರ ಕೈಯ ರುಚಿಯ ಹೆಸರು ಕೆಟ್ಟರೆ ಆ ಮೂರು ಕೋಣೆಗಳೂ ಖಾಲಿ.

ಬೈಗುಳ ತಿನ್ನಲು ಸಿದ್ಧಳಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವರು ತಿರುಗಿಯೂ ನೋಡಲಿಲ್ಲ.

"ನನ್ನ ನಾದಿನಿ ಬೆಳಿಗ್ಗೆಯೇ ಫೋನ್ ಮಾಡಿದ್ದಳು ಮೇಡಂ. ಮೂವತ್ತು ವರ್ಷದಿಂದ ನನ್ನ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದಳು. ಸಿಕ್ಕಿರಲಿಲ್ಲ, ಪಾಪ. ಇವತ್ತು ಎಷ್ಟು ನಕ್ಕಳು! ನಾಳೆ ಇಗರ್ಜಿಯಲ್ಲಿ ಎಲ್ಲರೂ ನಗುತ್ತಾರೆ."

"ಚೇಚಿ, ನಮ್ಮಿಂದ ದೊಡ್ಡ..."

"ನಿಲ್ಲಿ. ಒಂದು ಮಾತು ಕೇಳುತ್ತೇನೆ. ಒಂದು ವರ್ಷದಿಂದ ನನ್ನ ಊಟದ ಬಗ್ಗೆ ಬರೆಯುತ್ತಿದ್ದೀರಿ. 'ಬಾಯಲ್ಲಿ ನೀರೂರಿಸುವ' ಅಂತೆಲ್ಲ. ಯಾರ ಬಾಯಿ ಅದು?"

ನನಗೆ ದಿಗಿಲಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಅಡುಗೆಮನೆಯ ಹೊಸ್ತಿಲನ್ನು ನಾನು ಒಮ್ಮೆಯೂ ದಾಟಿರಲಿಲ್ಲ. ಬಂದಾಗಲೆಲ್ಲ ಜಗಲಿಯಲ್ಲಿ ಕೂತು, ಕಪ್ಪು ಚಹಾ ಕುಡಿದು, ಮೀನಿನ ವಾಸನೆ ಬರುವ ಮೊದಲೇ ಹೊರಡುತ್ತಿದ್ದೆ.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಊಟಕ್ಕೆ ಹೇಳಿದ್ದವರು ತ್ರಿಶೂರಿನಿಂದ ಬಂದಿದ್ದರು, ವಯಸ್ಸಾದ ಗಂಡ ಹೆಂಡತಿ. ಆತ ಕೂರುವ ಮೊದಲೇ ಹೇಳಿದ:

"ಆ ಎಳ್ಳು ಹಾಕಿದ ಮೀನಿನ ಸಾರಿಗೆಂದೇ ಬಂದೆವು. ಹೊಸ ರುಚಿ!"

ಚೇಚಿಯ ಮುಖ ಕೆಂಪಾಯಿತು. ಸೌಟಿನಿಂದ ನನ್ನತ್ತ ತೋರಿಸಿದರು.

"ಎಳ್ಳಿನ ವಿಷಯ ಈ ಮೇಡಂ ಹೇಳುತ್ತಾರೆ."

ಗುರುತಿಲ್ಲದ ಇಬ್ಬರ ಮುಂದೆ ನಿಂತು ಹೇಳಿದೆ. ರೈಲಿನಲ್ಲಿ ಮಾಡಿದ ಕರಡಿನ ಒಂದು ಪದವೂ ಬಾಯಿಗೆ ಬರಲಿಲ್ಲ. "ಅದು ಇವರ ಸಾರಲ್ಲ. ನಮ್ಮ ಮನೆಯ ಹಾಗಲಕಾಯಿ ಪದಾರ್ಥ. ನಾವು ಮೀನು ತಿನ್ನುವವರಲ್ಲ. ತಿಳಿಯದೆ ಮೀನು ಸೇರಿಸಿ ಇವರ ಹೆಸರಲ್ಲಿ ಬರೆದೆವು."

ಆ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಗಂಡ ನಿರಾಶೆಯಿಂದ, "ಹಾಗಾದರೆ ಎಳ್ಳಿನದು ಇಲ್ಲವೇ ಇಲ್ಲವಾ?" ಎಂದ.

"ಇಲ್ಲ," ಎಂದರು ಚೇಚಿ. "ನನ್ನದು ಉಂಟು. ಊಟ ಮಾಡಿ, ಆಮೇಲೆ ಮಾತಾಡಿ."

ಮಣ್ಣಿನ ಚಟ್ಟಿ ತಂದು ಮೇಜಿನ ಮೇಲಿಟ್ಟರು. ಅದು ಹಿಂದಿನ ದಿನ ಮಾಡಿದ ಸಾರು. ಒಂದು ರಾತ್ರಿ ಚಟ್ಟಿಯಲ್ಲೇ ಕೂತು ಮೀನಿಗೆ ಹುಳಿ ಹಿಡಿಯದೆ ಅವರು ಅದನ್ನು ಬಡಿಸುವುದಿಲ್ಲ. ನನಗೆ ಅದೂ ಗೊತ್ತಿರಲಿಲ್ಲ. 'ಬಿಸಿಬಿಸಿ, ಆಗಷ್ಟೇ ಮಾಡಿದ' ಎಂದು ಎಷ್ಟು ಸಲ ಬರೆದಿದ್ದೆವೋ! ಆತ ಮೂರು ಸಲ ಅನ್ನ ಹಾಕಿಸಿಕೊಂಡ. ಎಳ್ಳಿನ ಮಾತೇ ಎತ್ತಲಿಲ್ಲ.

ಅವರು ಹೋದ ಮೇಲೆ ಚೇಚಿ ನಾಳೆಯ ಸಾರಿಗೆ ಮೀನು ತೊಳೆಯಲು ಕೂತರು. ನನ್ನನ್ನು ಒಳಗೆ ಕರೆಯಲಿಲ್ಲ, ಬೇಡವೆನ್ನಲೂ ಇಲ್ಲ. ನಾನೇ ಹೊಸ್ತಿಲು ದಾಟಿ ಒಲೆಯ ಪಕ್ಕ ನಿಂತೆ. ಸೆರಗನ್ನು ಮೂಗಿಗೆ ಹಿಡಿಯಬಾರದೆಂದು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ. ಅವರು ಹೇಳುತ್ತಾ ಹೋದರು, ಅಷ್ಟರಲ್ಲಿ ಗೇಟಿನಿಂದ ಒಳಗೆ ಬಂದಿದ್ದ ತಂಗಿಯ ಮಗಳು ಬರೆದುಕೊಂಡಳು. ಕುಡಂಪುಳಿಯನ್ನು ಮೊದಲು ನೆನೆಸಬೇಕು. ಕಪ್ಪಗಿನ, ಹೊಗೆಯ ವಾಸನೆಯ ಆ ಹುಳಿಯೇ ಸಾರಿನ ಜೀವ. ಮೀನು ಹಾಕಿದ ಮೇಲೆ ಸೌಟು ತಾಗಿಸಬಾರದು, ಚಟ್ಟಿಯನ್ನೇ ಹಿಡಿದು ತಿರುಗಿಸಬೇಕು.

"ಎಷ್ಟು ಚಮಚ ಮೆಣಸಿನಪುಡಿ ಚೇಚಿ?"

"ಎಂಡೆ ಕರ್ತಾವೇ! ಚಮಚ ಯಾರ ಮನೆಯಲ್ಲಿ ಅಳೆಯುತ್ತಾರೆ ಮೋಳೇ? ಬಣ್ಣ ನೋಡು."

ಆಮೇಲೆ ಅತಿಥಿಗಳಿಗೆಂದು ಇಟ್ಟಿದ್ದ ಕಂಪ್ಯೂಟರಿನ ಮುಂದೆ ಮೂವರೂ ಕೂತೆವು. ರೈಲಿನಲ್ಲಿ ಯೋಚಿಸಿದ್ದ ತಿದ್ದೋಲೆಯನ್ನು ಟೈಪು ಮಾಡಿ ಓದಿ ಹೇಳಿದೆ. 'ಕಣ್ತಪ್ಪು' ಬಂದಲ್ಲಿ ಚೇಚಿ ಕೈ ಅಡ್ಡ ಹಿಡಿದರು.

"ಕಣ್ಣು ಎಲ್ಲಿ ತಪ್ಪಿತು? ನೀವು ನೋಡಲೇ ಇಲ್ಲವಲ್ಲ. ಆ ತ್ರಿಶೂರಿನವರಿಗೆ ಊಟಕ್ಕೆ ಮೊದಲು ಹೇಳಿದಿರಲ್ಲ, ಅದನ್ನೇ ಬರೆಯಿರಿ. ನಿಮ್ಮ ಏಜೆನ್ಸಿಯ ಹೆಸರೂ ಬರಲಿ."

ತಂಗಿಯ ಮಗಳು ನನ್ನ ಕಿವಿಯ ಬಳಿ ಬಂದು ಕನ್ನಡದಲ್ಲಿ ಪಿಸುಗುಟ್ಟಿದಳು: "ದೊಡ್ಡಮ್ಮ, ಹೆಸರು ಹಾಕಿದ್ರೆ ನಾಳೆ ನಮಗೆ ಕೆಲಸ ಕೊಡುವವರು ಯಾರು?"

ಆ ಭಯ ನನಗೂ ಇತ್ತು. ಆದರೆ ನಾಳೆ ಇಗರ್ಜಿಯ ಬಾಗಿಲಲ್ಲಿ ನಾದಿನಿಯ ಎದುರು ನಿಲ್ಲುವವರು ನಾವಲ್ಲ.

"ಹಾಕು," ಎಂದೆ.

ಊಟಕ್ಕೆ ಮೊದಲು ಹೇಳಿದ ಮಾತುಗಳೇ ಹೋದವು, ಏಜೆನ್ಸಿಯ ಹೆಸರಿನೊಡನೆ. ಅದರ ಕೆಳಗೆ ಚೇಚಿಯ ಸಾರು, ಚಮಚದ ಲೆಕ್ಕವಿಲ್ಲದೆ. ಹಳೆಯದನ್ನು ಅಳಿಸಲಿಲ್ಲ. ಚೇಚಿ ಎಲ್ಲವನ್ನೂ ಒಮ್ಮೆ ಓದಿಸಿ ಕೇಳಿ, ಫೋನ್ ಎತ್ತಿ ನಾದಿನಿಗೆ ಹೇಳಿದರು: "ಹೋಗಿ ನೋಡು. ಈಗ ನಗು."

ಹೊರಡುವಾಗ ಗೇಟಿನವರೆಗೆ ಬಂದರು. "ಮುಂದಿನ ಗುರುವಾರ ಸಿಗಡಿ. ಬೆಳಿಗ್ಗೆ ಏಳಕ್ಕೆ. ಫೋನ್ ಮಾಡಬೇಡಿ, ಬನ್ನಿ."

ಬೋಟಿನಲ್ಲಿ ವಾಪಸು ಬಂದು ವೈಟ್ಟಿಲದ ಕೋಣೆ ತೆರೆದೆ. ಗೋಡೆಯ ಹಲಗೆಯ ಮೇಲೆ 'ಶುಕ್ರವಾರ ಹತ್ತು ಗಂಟೆ' ಎಂದು ನಾನೇ ಬರೆದದ್ದಿತ್ತು. ಅದರ ಮೇಲಕ್ಕೆ 'ಗುರುವಾರ ಏಳು ಗಂಟೆ, ಚೇಚಿಯ ಅಡುಗೆಮನೆ' ಎಂದು ಸೇರಿಸಿದೆ. ಸೀಮೆಸುಣ್ಣ ಡಬ್ಬಿಗೆ ಹಾಕಿ, ಬೀಗ ಹಾಕಿದೆ.