ಎರಡು ಕೋಣೆಯ ಗೂಡು, ಎರಡು ಬೇಸಿಗೆಯ ನಕ್ಷತ್ರ

ಅಕ್ಕನ ಮನೆಗೆ ಹೋದದ್ದು ಭಾನುವಾರ ಎಂದು ಬರೆದೆ, ಹೊಡೆದುಹಾಕಿದೆ. ರೇಷ್ಮೆಗೂಡು ಬಿಡಿಸುವ ಯಾವುದೋ ದಿನ. ಯಳಂದೂರಿನಿಂದಾಚೆ ಅವಳ ಊರು. ಲ್ಯಾಪ್‌ಟಾಪ್ ಒಯ್ದಿದ್ದಂತೂ ಖಂಡಿತ. ಸಂಜೆಯೊಳಗೆ ನಕ್ಷತ್ರದ ಬೆಳಕಿಗೆ ಕಂಪ್ಯೂಟರ್ ಮಾದರಿ ಹೊಂದದಿದ್ದರೆ ಆ ನಕ್ಷತ್ರ ಬಿಟ್ಟು ಬೇರೆ ಹುಡುಕಿಕೊಳ್ಳಿ ಎಂದು ನನ್ನ ಪಿಎಚ್‌.ಡಿ ಗೈಡ್ ಹೇಳಿಬಿಟ್ಟಿದ್ದರು. ಕೊಳ್ಳೇಗಾಲದ ಕಾಲೇಜಿನಲ್ಲಿ ಪಾಠ ಮುಗಿಸಿ, ಹನೂರಿನ ಹತ್ತಿರ ಗೆಳೆಯನ ಹೊಲದಲ್ಲಿ ದೂರದರ್ಶಕ ನಿಲ್ಲಿಸಿ, ಎರಡು ಬೇಸಿಗೆ ಅಳೆದ ಬೆಳಕು ಅದು. ಬಿಡುವುದೆಂದರೆ?

"ಏನ್ಲಾ ಅದು, ಗುಡ್ಡದಂಗೆ?" ಅಕ್ಕ ಪರದೆಯ ಮೇಲಿನ ಚುಕ್ಕಿಗಳ ಗ್ರಾಫ್ ಇಣುಕಿ ನೋಡಿದಳು.

"ಎರಡು ನಕ್ಷತ್ರ ಅಕ್ಕ. ಮೈಗೆ ಮೈ ಅಂಟಿಸ್ಕಂಡು ಸುತ್ತುತ್ತವೆ, ಎರಡಕ್ಕೂ ಒಂದೇ ಹೊದಿಕೆ. ಒಂದಕ್ಕೊಂದು ಅಡ್ಡ ಬಂದ್ರೆ ಬೆಳಕು ಕಮ್ಮಿ, ಪಕ್ಕಪಕ್ಕ ನಿಂತ್ರೆ ಜಾಸ್ತಿ."

"ಒಂದೇ ಒದಿಕೆನಾ? ನಿಮ್ ಭಾವ ಆದ್ರೆ ಪೂರ್ತಿ ಎಳ್ಕತಾರೆ ಕಣ್ಲಾ."

ಒಂದು ಸುತ್ತಿಗೆ ಬೆಳಕಿನ ಎರಡು ಗುಡ್ಡ. ಎರಡೂ ಒಂದೇ ಎತ್ತರ ಇರಬೇಕು. ನನ್ನದರಲ್ಲಿ ಒಂದು ಕುಳ್ಳು, ಮೇಲಾಗಿ ಅದರ ಮೇಲೆ ಚುಕ್ಕಿಗಳು ಚೆಲ್ಲಾಪಿಲ್ಲಿ. ತೂಕ, ಶಾಖ, ಓರೆ ಎಷ್ಟೆಂದು ಹೇಳಿದರೆ ಕಂಪ್ಯೂಟರ್ ಒಂದು ಗೆರೆ ಎಳೆಯುತ್ತದೆ. ನಾನು ಅಳೆದ ಚುಕ್ಕಿಗಳು ಆ ಗೆರೆಯ ಮೇಲೆ ಕೂರಬೇಕು. ಕೂರದಿದ್ದರೆ ನಕ್ಷತ್ರದ ಮೈಮೇಲೆ ಒಂದು ಕಪ್ಪು ಮಚ್ಚೆ ಇದೆ ಎಂದುಕೊಳ್ಳಬಹುದು. ಸೂರ್ಯನಿಗೂ ಇವೆ.

"ಆಕ್ಲಾ, ಅದ್ಕೂ ಒಂದು ದೃಷ್ಟಿಬೊಟ್ಟು," ಎಂದಳು ಅಕ್ಕ.

ಹಾಕಿದೆ. ಕೂರಲಿಲ್ಲ. ಇನ್ನೊಂದು ಹಾಕಿದೆ. ಮತ್ತೊಂದು.

"ಕೂಸಿನ್ ಮುಖಾನೇ ಕಾಣ್ತಿಲ್ವಲ್ಲೋ!"

ಕಂಪ್ಯೂಟರ್ ಲೆಕ್ಕ ಹಾಕುವಷ್ಟರಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದೆ. ನೆಲದ ಮೇಲೆ ಎರಡು ರಾಶಿಯಿದ್ದವು. ಅಚ್ಚುಕಟ್ಟಾಗಲೆಂದು ಎರಡನ್ನೂ ಒಂದೇ ಮಂಕರಿಗೆ ಸುರಿದೆ. ನೋಡಲು ಬಹಳ ಚೆನ್ನಾಗಿತ್ತು.

"ಲೇ, ಏನ್ಲಾ ಮಾಡ್ದೆ! ಉಳ ಸಾಕಿದ್ ಆ ಕಡೆ ಕೋಣೇವು ತೆಳ್ಳಗವೆ ಅಂತ ಬ್ಯಾರೆ ಇಟ್ಟಿದ್ನಲ್ಲೋ. ಈಗಿದು ಯಾವ್ ಕೋಣೆ ಬೆಳೆ, ಯೋಳು?"

ಆ ಕ್ಷಣವೇ ನನಗೆ ಹೊಳೆಯಿತು ಎಂದು ಬರೆದರೆ ಈ ಪುಟ ಚೆನ್ನಾಗಿ ಕೂರುತ್ತದೆ. ನನಗೆ ಆದದ್ದು ಹಸಿವು. ಮುದ್ದೆ ತಿಂದು ಬಂದು, ಗೂಡು ಅದುಮಿ ಅದುಮಿ ನೋಡಿ ಬೇರೆ ಮಾಡುತ್ತ ಕೂತೆ. ಯಾವಾಗಲೋ, ಬೇಜಾರಿಗೆ, ಪರದೆಯ ಮೇಲಿನ ಚುಕ್ಕಿಗಳಿಗೂ ಅದನ್ನೇ ಮಾಡಿದೆ: ಮೊದಲ ಬೇಸಿಗೆಯವು ನೀಲಿ, ಎರಡನೆಯದರವು ಕೆಂಪು. ನೀಲಿ ಗುಡ್ಡಗಳೆರಡೂ ಸಮ. ಕೆಂಪಿನಲ್ಲಿ ಮಾತ್ರ ಒಂದು ಕುಳ್ಳು. ಮಚ್ಚೆ ಎರಡು ಬೇಸಿಗೆಗಳ ನಡುವೆ ಹುಟ್ಟಿಕೊಂಡಿತ್ತು. ಎರಡನ್ನೂ ಒಂದೇ ಮಂಕರಿಗೆ ಸುರಿದು, ಯಾವ ಬೇಸಿಗೆಯಲ್ಲೂ ಇಲ್ಲದ ನಕ್ಷತ್ರಕ್ಕೆ ನಾನು ಬೊಟ್ಟಿಡುತ್ತಿದ್ದೆ.

ಗೂಡಿನಿಂದ ಬುದ್ಧಿ ಬಂತೋ, ಬುದ್ಧಿ ಬಂದಮೇಲೆ ಗೂಡನ್ನು ಅದರ ಮುಂದೆ ತಂದಿಟ್ಟೆನೋ, ಹೇಳಲಾರೆ. ದೃಷ್ಟಿಬೊಟ್ಟಿನ ಮಾತನ್ನು ಅಕ್ಕ ಹಿಂದಿನ ಬೆಳೆಯ ಗೂಡು ಬಿಡಿಸುವಾಗ ಆಡಿದ್ದಳೇನೋ. ಈ ಪುಟವನ್ನೂ ಯಾರಾದರೂ ಬಣ್ಣ ಹಚ್ಚಿ ಬೇರೆ ಮಾಡಬೇಕು.

ಬೇಸಿಗೆಗೊಂದು ಗೆರೆ ಎಳೆದೆ. ಮೊದಲನೆಯದಕ್ಕೆ ಮಚ್ಚೆಯೇ ಬೇಡ, ಎರಡನೆಯದಕ್ಕೆ ಒಂದೇ ಸಾಕು. ಕಳಿಸಿದೆ. ಬಿಸಿಲು ಇಳಿಯುವ ಮುಂಚೆ ಗೈಡ್ ಅವರ ಉತ್ತರ ಬಂತು: "ನಕ್ಷತ್ರ ಇರಲಿ. ಬರುವ ಬೇಸಿಗೆಯೂ ಅಳೆಯಿರಿ."

"ಒಪ್ಪುದ್ರಾ?" ಅಕ್ಕ ಕೇಳಿದಳು.

"ಒಪ್ಪುದ್ರು."

"ಅಂಗಾರೆ ಕೂತ್ಕೊ. ಮಂಕ್ರಿ ಇನ್ನೂ ಅರ್ಧ ಐತೆ."